ಎರಡು ಸೆಲ್ಲಿನ ಡಬ್ಬಿಯಲ್ಲಿ ಅವ್ವನ ತವರು

ನನ್ನ ಜಿಪಿಎಸ್ ಮಿಶಿನ್ನಿನ ಮೇಲೆ ಹದಿನಾಲ್ಕು ವರ್ಷದ ವಿಭೂತಿ ಕೂತಿದೆ. ಪ್ರತಿ ವರ್ಷ ದಸರೆಯ ಖಂಡೇ ಪೂಜೆಯ ದಿನ ಅವ್ವ ಅಪ್ಪನ ಮಗ್ಗಕ್ಕೆ, ಲಾಳಿಗೆ, ಅಡಿಗೆ ಮನೆಯ ಈಳಿಗೆಗೆ, ನನ್ನ ಮೋಟಾರ್ ಸೈಕಲ್ಲಿಗೆ ಹಚ್ಚಿ ಉಳಿದದ್ದನ್ನು ಇದಕ್ಕೂ ಮೂರು ಬೆರಳಲ್ಲಿ ಎಳೆದು, ಮೇಲೊಂದು ಚೆಂಡುಹೂವು ಏರಿಸುತ್ತಾಳೆ. "ಅವ್ವಾ, ಗುಂಡಿ ಸಂದ್ಯಾಗ ಹೋಗಿ ಕುಂದರತೈತಿ ಬೇ, ಬ್ಯಾಡ" ಎಂದರೆ ಕೇಳುವವಳಲ್ಲ. "ಹೋಗಲಿ ಬಿಡು. ದೇವರ ಒಳಗ ಹೋದರ ಕೆಟ್ಟೇನಾಗತೈತಿ?" ಎನ್ನುತ್ತಾಳೆ. ದೇವರು ಒಳಗೆ ಹೋಗಿ ಹೋಗಿ ಈಗ ನಾಲ್ಕು ಗುಂಡಿಯಲ್ಲಿ ಎರಡು ಗುಂಡಿ ಉಗುರು ಹಾಕಿ ಒತ್ತಿದರೆ ಮಾತ್ರ ಮಾತು ಕೇಳುತ್ತವೆ.

ಮಿಶಿನ್ ಅಂದರೆ ಬಹಳ ದೊಡ್ಡದೇನಲ್ಲ. ಅಂಗೈಯಲ್ಲಿ ಕೂಡುವಂಥ ಒಂದು ಡಬ್ಬಿ, ಎರಡು ಸೆಲ್ಲು ಹಾಕಬೇಕು. ನಾನು ಸಕ್ಕರೆ ಕಾರ್ಖಾನೆಯೊಂದರ ಕಬ್ಬಿನ ವಿಭಾಗದವನು. ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಯಾರ ಹೊಲದಲ್ಲಿ ಎಷ್ಟು ಕಬ್ಬು ನಿಂತಿದೆ ಎಂದು ಅಳೆದು ಬರೆದುಕೊಳ್ಳುವುದು ನನ್ನ ಕೆಲಸ. ಈ ಡಬ್ಬಿ ಹಿಡಿದು ಬದುವಿನ ಗುಂಟ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಂತರೆ ಇಷ್ಟು ಎಕರೆ, ಇಷ್ಟು ಗುಂಟೆ ಎಂದು ಅದೇ ಹೇಳುತ್ತದೆ. ಹುನ್ನೂರಿನ ಹಿರಿಯರೊಬ್ಬರು ಬದುವಿನ ಮೇಲೆ ಕೂತು ನನ್ನ ಇಡೀ ಸುತ್ತನ್ನು ನೋಡಿ, "ನಮ್ಮ ಮುತ್ಯಾನೂ ದಿನಾ ಹಿಂಗ ಹೊಲಾ ಸುತ್ತ ಹಾಕತಿದ್ದ ತಮ್ಮಾ. ಪಾಪ, ಅಂವಗ ಯಾರೂ ಪಗಾರ ಕೊಡಲಿಲ್ಲ" ಎಂದಿದ್ದರು.

ಮೊಬೈಲಿನಲ್ಲೇ ಎಲ್ಲ ಬರುತ್ತದಲ್ಲ, ಇನ್ನೂ ಈ ಹಳೇ ಡಬ್ಬಿ ಯಾಕೆ ಹಿಡಿದಿದ್ದೀರಿ ಎಂದು ನೀವು ಕೇಳುತ್ತೀರಿ. ನಮ್ಮ ಆಫೀಸಿನವರೂ ಕೇಳುತ್ತಾರೆ. ಖರೆ ಐತ್ರಿ, ಬರುತ್ತದೆ. ಆದರೆ ಮೊಬೈಲ್ ಹಿಡಿದು ಬದುವಿನ ಮೇಲೆ ಹೊರಟರೆ ಅರ್ಧ ಸುತ್ತಿನಲ್ಲಿ ಯಾರಾದರೂ ಫೋನ್ ಹಚ್ಚುತ್ತಾರೆ. ಇದಕ್ಕೆ ಯಾರೂ ಫೋನ್ ಹಚ್ಚುವುದಿಲ್ಲ. ಆಕಾಶವೊಂದು ಬಿಟ್ಟರೆ ಇದಕ್ಕೆ ಬೇರೆ ಬೀಗರಿಲ್ಲ.

ಚಾಲೂ ಮಾಡಿದ ಮೇಲೆ ಉಪಗ್ರಹ ಹುಡುಕುತ್ತ ಇದು ಒಂದಿಷ್ಟು ಹೊತ್ತು ಸುಮ್ಮನೆ ಕೂಡುತ್ತದೆ. ಹೊಸದಿದ್ದಾಗ ಒಂದು ನಿಮಿಷ. ಈಗ ವಯಸ್ಸಾಗಿದೆ, ಒಂದು ಚಹಾ ಕುಡಿದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬೇಕು. ಆ ಹೊತ್ತು ಇದೆಯಲ್ಲ, ಅದು ನನಗೆ ಬಹಳ ಪ್ರೀತಿಯದು. ಸುತ್ತಲೂ ಆಳೆತ್ತರದ ಕಬ್ಬು, ಗಾಳಿಗೆ ಗರಿ ಸರಸರ ಎನ್ನುತ್ತಿರುತ್ತದೆ. ಮಾಡಲಿಕ್ಕೆ ಕೆಲಸವಿಲ್ಲ. ಮುಖ ಮೇಲೆತ್ತಿ ನಿಲ್ಲುತ್ತೇನೆ. ನಿಂತ ಕೂಡಲೇ ನಾನು ಎಂಟು ವರ್ಷದವನಾಗಿ ಬನಹಟ್ಟಿಯ ನಮ್ಮ ಮಾಳಿಗೆಯ ಮೇಲೆ ಅಂಗಾತ ಮಲಗಿರುತ್ತೇನೆ.

ಮಗ್ಗದ ಊರಿನಲ್ಲಿ ಹುಟ್ಟಿದವರಿಗೆ ಒಂದು ವಿಚಿತ್ರ ಇರುತ್ತದೆ. ನಮಗೆ ಸಪ್ಪಳ ಕೇಳಿಸುವುದಿಲ್ಲ, ಸಪ್ಪಳ ನಿಂತದ್ದು ಕೇಳಿಸುತ್ತದೆ. ಮುಂಜಾನೆಯಿಂದ ಓಣಿಯ ಅಷ್ಟೂ ಮಗ್ಗ ಖಟಖಟ ಎನ್ನುತ್ತಿದ್ದರೂ ನಾವು ಅದರ ನಡುವೆ ಪಾಠ ಓದುತ್ತಿದ್ದೆವು, ಜಗಳಾಡುತ್ತಿದ್ದೆವು, ನಿದ್ದೆ ಮಾಡುತ್ತಿದ್ದೆವು. ಮಧ್ಯಾಹ್ನ ಕರೆಂಟು ಹೋಗಿಬಿಟ್ಟರೆ ಮಾತ್ರ ಎಲ್ಲರೂ ಬೆಚ್ಚಿ ಬೀಳುತ್ತಿದ್ದೆವು. ಇಡೀ ಊರು ಒಮ್ಮೆಲೇ ಉಸಿರು ಬಿಟ್ಟ ಹಾಗೆ. ಆಗ ಗುಬ್ಬಿ ಕೇಳಿಸುತ್ತಿತ್ತು, ಯಾರೋ ಕೊಡ ಇಟ್ಟದ್ದು ಕೇಳಿಸುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಕೆಳಗೆ ಅವ್ವ ಕಂಡಿಕೆಗೆ ನೂಲು ಸುತ್ತುತ್ತ ತನಗೆ ತಾನೇ ಮಾತಾಡಿಕೊಳ್ಳುವುದು ಕೇಳಿಸುತ್ತಿತ್ತು. ಅವಳು ಆಡಿಕೊಳ್ಳುತ್ತಿದ್ದದ್ದೆಲ್ಲ ತವರಿನ ಮಾತು. "ಈಗ ನಮ್ಮೂರಾಗ ಎಮ್ಮಿ ಹೊಳಿಗೆ ಇಳದಿರತಾವು. ಈಗ ನಮ್ಮವ್ವ ಹಿತ್ತಲದಾಗ ಸಂಡಿಗಿ ಕಾಯಾಕತ್ತಿರತಾಳು." ನಾನು ಮೇಲೆ ಮಲಗಿ ಮೋಡ ನೋಡುತ್ತ, ಮೋಡಗಳೂ ಕರೆಂಟಿನ ಮೇಲೇ ನಡೆಯುತ್ತಿರಬೇಕು, ಅದಕ್ಕೇ ನಿಂತಿವೆ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಿಶಿನ್ ಕೂಗುತ್ತದೆ. ನಾನು ಮತ್ತೆ ಕಬ್ಬಿನ ನಡುವೆ, ಐವತ್ತಾರು ವರ್ಷದವನು, ಮೊಣಕಾಲು ನೋಯುತ್ತಿರುತ್ತದೆ.

ಈ ಡಬ್ಬಿಯಲ್ಲಿ ಒಂದು ಸವಲತ್ತು ಉಂಟು. ನಿಂತ ಜಾಗ ನೆನಪಿಡು ಎಂದು ಗುಂಡಿ ಒತ್ತಿ, ಒಂದು ಹೆಸರು ಕೊಟ್ಟರೆ ಆಯಿತು. ಮುಂದೆ ಎಷ್ಟು ದೂರದಿಂದ ಕೇಳಿದರೂ ಇಂಥ ದಿಕ್ಕಿಗೆ ಇಷ್ಟು ನಡಿ ಎಂದು ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ನಾನು ಆಫೀಸಿನ ಕೆಲಸಕ್ಕಿಂತ ನನ್ನ ಚಟಕ್ಕೇ ಇದನ್ನು ಹೆಚ್ಚು ಬಳಸಿದೆ. ಲೋಕಾಪುರದ ದಾರಿಯಲ್ಲಿ ಛಲೋ ಚಹಾ ಸಿಗುವ ಜಾಗ, ಮುಧೋಳದ ಆಚೆ ಬಿಸಿಲಿಗೆ ತಂಪಾದ ಒಂದು ಬೇವಿನ ಗಿಡ, ಯಾವ ಹೊಲದ ನಾಯಿ ಕಡಿಯುತ್ತದೆ, ಎಲ್ಲ ಇದರ ಹೊಟ್ಟೆಯಲ್ಲಿ. ಅವುಗಳ ನಡುವೆ ಒಂದು ಜಾಗ ಬೀಳಗಿ ತಾಲೂಕಿನ ಹೊಳೆದಂಡೆಯದು. ಅದಕ್ಕೆ ಅವ್ವನ ತವರು ಎಂದು ಹೆಸರು ಕೊಟ್ಟಿದ್ದೆ.

ಅವ್ವನ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಇಪ್ಪತ್ತು ವರ್ಷದ ಮೇಲಾಯಿತು. ಊರಿನವರಿಗೆಲ್ಲ ದಿನ್ನೆಯ ಮೇಲೆ ಹೊಸ ಊರಾಯಿತು. ಅಲ್ಲಿ ನನ್ನ ಸೋದರಮಾವನ ಮನೆಯೂ ಆಯಿತು, ಸಿಮೆಂಟಿನದು, ನಳ ಇದ್ದದ್ದು. ಮೊದಲ ವರ್ಷ ಅವ್ವ ಅಲ್ಲಿಗೆ ಹೋದಾಗ ಅವಳ ತಮ್ಮನ ಹೆಂಡತಿ, ನನ್ನ ಕಮಲತ್ತಿ, ಕಳಿಸುವ ಮುಂದೆ ಉಡಿ ತುಂಬಲು ಚಾಪೆ ಹಾಸಿದಳು. ಮಗಳು ತವರಿಂದ ಹೊರಡುವಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿ ಕಳಿಸುವುದು ನಮ್ಮ ಕಡೆಯ ರೀತಿ. ಬರಿ ಉಡಿಯಲ್ಲಿ ಕಳಿಸಿದರೆ ತವರಿಗೂ ಒಳ್ಳೆಯದಲ್ಲ, ಮಗಳಿಗೂ ಒಳ್ಳೆಯದಲ್ಲ. ಅವ್ವ ಚಾಪೆ ನೋಡಿದಳು, ಸಿಮೆಂಟಿನ ಗೋಡೆ ನೋಡಿದಳು, ಎದ್ದು ನಿಂತಳು.

"ಕಮಲಾ, ಸಿಟ್ಟಾಗಬ್ಯಾಡ. ತಮ್ಮನ ಮನ್ಯಾಗ ಉಣ್ಣಾಕ ಬಂದಿದ್ದೆ, ಹೊಟ್ಟಿ ತುಂಬ ಉಂಡೆ. ಉಡಿ ತುಂಬಿಸ್ಕೊಳ್ಳಾಕ ತವರಮನಿ ಬೇಕು. ಇದನ್ನ ಚೀಲದಾಗ ಹಾಕಿ ಕೊಡು" ಎಂದಳು.

ಅತ್ತಿ ಸಿಟ್ಟಾಗಲಿಲ್ಲ, ಅತ್ತಳು. ಅವ್ವನೂ ಅತ್ತಳು. ಮುಂದೆ ಎಷ್ಟೋ ವರ್ಷ ಉಡಿಯ ಅಕ್ಕಿ ಚೀಲದಲ್ಲೇ ಬಂತು. ಅದನ್ನು ಅವ್ವ ನಮಗೆ ಅನ್ನ ಮಾಡಿ ಹಾಕುತ್ತಿದ್ದಳು, ತಾನು ಮಾತ್ರ ಆ ದಿನ ರೊಟ್ಟಿ ತಿನ್ನುತ್ತಿದ್ದಳು.

ಬೇಸಿಗೆಯಲ್ಲಿ ಹಿನ್ನೀರು ಸರಿದು ಹಳೇ ಊರಿನ ನೆಲ ಬಯಲಾಗುತ್ತದೆ ಎಂದು ಯಾರೋ ಹೇಳಿದರು. ಒಂಬತ್ತು ವರ್ಷದ ಹಿಂದೆ ಅವ್ವ, ಮಾವ, ಅತ್ತಿ ಮೂವರನ್ನೂ ಗಾಡಿ ಮಾಡಿ ಕರೆದುಕೊಂಡು ಹೋದೆ. ಹೋಗಿ ನೋಡಿದರೆ ಏನಿದೆ? ಬಿರಿದ ಎರೆಮಣ್ಣು, ಕಣ್ಣು ಹಾಯುವ ತನಕ. ದೂರದಲ್ಲಿ ನೀರು, ನೀರಿನಂಚಿಗೆ ಉದ್ದ ಕಾಲಿನ ಗುಲಾಬಿ ಹಕ್ಕಿಗಳು. ಮನೆಯ ಕಲ್ಲುಗಳನ್ನು ಜನ ಎಂದೋ ಹೇರಿಕೊಂಡು ಹೋಗಿದ್ದರು. ಅಕ್ಕ ತಮ್ಮ ಇಬ್ಬರಿಗೂ ಜಗಳ ಹತ್ತಿತು. "ಇಲ್ಲೇ ಇತ್ತು" ಎಂದು ಮಾವ, "ಎಲ್ಲೀದೋ, ಅದು ಕುಂಬಾರರ ಮನಿ" ಎಂದು ಅವ್ವ. ಇಬ್ಬರೂ ಅರವತ್ತು ದಾಟಿದವರು, ಸಾಲಿ ಹುಡುಗರ ಹಾಗೆ ಕೈ ಬೀಸಿ ಬೀಸಿ ಜಗಳ. ಹಾಗೆ ಆಚೆ ದಂಡೆಯ ಗುಡ್ಡ ನೋಡುತ್ತ ಹಿಂದೆ ಹಿಂದೆ ಸರಿಯುತ್ತ ಅವ್ವನ ಕಾಲು ತಗ್ಗಿನಲ್ಲಿ ಇಳಿಯಿತು. ಬಾಗಿ ನೋಡಿದರೆ ಸುತ್ತ ಕಲ್ಲು ಕಟ್ಟಿದ ಚೌಕದ ತಗ್ಗು.

"ಅಪ್ಪನ ಮಗ್ಗದ ಕುಣಿ" ಎಂದಳು ಅವ್ವ.

ಅವ್ವನ ಅಪ್ಪ ನೆಲದಲ್ಲಿ ಕುಣಿ ತೋಡಿ ಅದರಲ್ಲಿ ಕಾಲು ಇಳಿಬಿಟ್ಟು ಕೈಮಗ್ಗ ನೇಯುತ್ತಿದ್ದವನು. ಮಾವ ಹೋಗಿ ಅದರ ಅಂಚಿಗೆ ಕೂತು, ಎರಡೂ ಕಾಲು ಒಳಗೆ ಇಳಿಬಿಟ್ಟ. ಬಹಳ ಹೊತ್ತು ಎದ್ದೇಳಲಿಲ್ಲ. ನಾನು ಪಕ್ಕದಲ್ಲಿ ನಿಂತು ಗುಂಡಿ ಒತ್ತಿ ಹೆಸರು ಬರೆದೆ. ಅತ್ತಿ ಚೀಲ ಬಿಚ್ಚಿದಳು. ಅವ್ವ ಸೆರಗು ಒಡ್ಡಿದಳು. ಉಡಿಯಿಂದ ಐದು ಕಾಳು ಅಕ್ಕಿ ತೆಗೆದು ಅದೇ ನೆಲಕ್ಕೆ ಹಾಕಿ, "ತವರ ತಣ್ಣಗಿರಲಿ" ಎಂದಳು. ಆ ದಿನ ಮನೆಗೆ ಬಂದು ಅವಳು ಅನ್ನ ಉಂಡಳು.

ಮರುವರ್ಷ ಹೋದರೆ ಹೂಳು ತುಂಬಿ ಕುಣಿ ಕಾಣದಾಗಿತ್ತು. ನೆಲವೆಲ್ಲ ಒಂದೇ ಸಮ. ಆಗ ನನ್ನ ಡಬ್ಬಿಯ ದರ್ಬಾರು ಶುರುವಾಯಿತು. ನಲವತ್ತು ಮೀಟರು, ಇಪ್ಪತ್ತು ಮೀಟರು ಎನ್ನುತ್ತ ಮುಂದೆ ನಾನು, ಹಿಂದೆ ಕೊಬ್ಬರಿ ಹಿಡಿದ ಅತ್ತಿ, ಅವಳ ಹಿಂದೆ ಹೊಸ ಸೀರೆ ಉಟ್ಟ ಅವ್ವ. ಅದು ಕೂಗಿದಲ್ಲಿ ನಿಂತು, "ಹಾಂ, ಇಲ್ಲೇ ನೋಡವ್ವಾ" ಎಂದು ಕೈ ತೋರಿಸುತ್ತಿದ್ದೆ, ನಾನೇ ಊರು ಕಟ್ಟಿಸಿದವನ ಹಾಗೆ. ಅವ್ವ ಒಂದು ಕ್ಷಣ ಆಚೆ ಈಚೆ ನೋಡಿ, "ಹೌದೇನು? ಆತು" ಎಂದು ಅಲ್ಲೇ ಸೆರಗು ಒಡ್ಡುತ್ತಿದ್ದಳು. ಹೀಗೆ ಎಂಟು ಬೇಸಿಗೆ. ಮಾವನ ಕಾಲು ಸೋತು ಅವನು ಬರುವುದು ನಿಂತಿತು. ಮಿಶಿನ್ ಮಾತ್ರ ನಿಲ್ಲಲಿಲ್ಲ. ಅವ್ವನ ತವರು ಭೂಮಿಯ ಮೇಲೆ ಉಳಿದಿರುವುದು ನನ್ನ ಕಿಸೆಯಲ್ಲಿ ಮಾತ್ರ ಎಂಬ ಸೊಕ್ಕು ನನಗೆ ಹತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಈ ವರ್ಷ ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಮಿಶಿನ್ನಿನ ಪರದೆ ಮಂಕಾಯಿತು. ಸೆಲ್ಲಿನ ಮನೆಯಲ್ಲಿ ಹಸಿರು ಕಿಲುಬು. ಮೇಲಾಗಿ ಹೊಟ್ಟೆ ತುಂಬಿದೆ, ಜಾಗವಿಲ್ಲ ಎಂದು ದಿನಕ್ಕೆ ಹತ್ತು ಸಲ ಗೊಣಗುತ್ತಿತ್ತು. ಇದು ಇವತ್ತೋ ನಾಳೆಯೋ ಎಂದು ನನಗೆ ಅಂಜಿಕೆ ಹತ್ತಿತು. ಅವ್ವನಿಗೆ ಎಪ್ಪತ್ತೆಂಟು. ಇದು ಸತ್ತರೆ ಅವಳನ್ನು ಎಲ್ಲಿ ನಿಲ್ಲಿಸಲಿ? ಬಯಲಿನ ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಿ ಇದೇ ನಿನ್ನ ತವರು ಎಂದು ಸುಳ್ಳು ಹೇಳಲಿಕ್ಕೆ ನನ್ನ ನಾಲಿಗೆ ಏಳುವುದಿಲ್ಲ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಇಡಬೇಕು ಎಂದು ಜಮಖಂಡಿಗೆ ಹೋದೆ.

ಜಮಖಂಡಿಯಲ್ಲಿ ಒಂದು ಹಳೇ ವಾಡೆಯ ಮುಂದಿನ ಖೋಲಿಯಲ್ಲಿ ಸುರೇಖಾಬಾಯಿಯವರ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಕಂಪ್ಯೂಟರಿನ ಮೇಲೆ ಸಿಟ್ಟು ಬಂದರೆ ಎರಡೂ. ಮಿಶಿನ್ ಕೈಗೆ ತೆಗೆದುಕೊಂಡು, "ಅಗಬಾಯಿ, ಇದಕ್ಕ ಪೂಜಿ ಯಾರು ಮಾಡ್ಯಾರ್ರಿ?" ಎಂದು ನಕ್ಕು, ಸೀರೆಯ ಸೆರಗಿನಿಂದ ವಿಭೂತಿ ಒರೆಸಿ, ವೈರು ಚುಚ್ಚಿದರು. ಮಿಶಿನ್ನಿನ ಬಗಲಿಗೆ ಉಗುರಿನಷ್ಟು ಒಂದು ಕಾರ್ಡು ಇರುತ್ತದೆ. ಅದರಲ್ಲಿದ್ದದ್ದು ಪರದೆಯ ಮೇಲೆ ಮೂಡಿತು. ನಾನು ಸುತ್ತಿದ ಕಬ್ಬಿನ ಹೊಲಗಳೆಲ್ಲ ಗೆರೆ ಗೆರೆಯಾಗಿ, ಒಂದರ ಪಕ್ಕ ಒಂದು. ಅಪ್ಪ ಸೀರೆಯ ಅಂಚಿಗೆ ಹಾಕುತ್ತಿದ್ದ ನಮೂನೆಗಳ ಹಾಗೆ ಕಂಡು ನಾನು ಮೈಮರೆತೆ. ಹದಿನಾಲ್ಕು ವರ್ಷ ಬಿಸಿಲಲ್ಲಿ ನಡೆದು ನಾನೂ ಏನೋ ನೇಯ್ದಿದ್ದೇನಲ್ಲ ಅನಿಸಿ ಕಣ್ಣು ತೇವವಾಯಿತು.

"ಇದು ಕಾರ್ಡಿನಾಗಿಂದು ಆತ್ರಿ. ಮಿಶಿನ್ ಒಳಗಿಂದ ಬ್ಯಾರೆ ತಗೀಬೇಕೇನ್ರಿ?" ಎಂದು ಅವರು ಕೇಳಿದರು.

ಕೇಳಿದರು ನೋಡ್ರಿ, ಖರೆ ಹೇಳಬೇಕು, ಅವರು ಕೇಳಿದರು. ನಾನು, ಹದಿನಾಲ್ಕು ವರ್ಷದ ಅನುಭವಿ, "ಏನೂ ಬ್ಯಾಡ್ರಿ ಬಾಯೋರ, ಎಲ್ಲಾ ಅದರಾಗ ಐತಿ" ಎಂದು ಕೈ ಬೀಸಿದೆ. ಹೊರಗೆ ಬಂದು ಚಹಾದಂಗಡಿಯ ಬಾಕಿನ ಮೇಲೆ ಕೂತೆ. ಮಿಶಿನ್ ಮತ್ತೆ ಗೊಣಗಿತು, ಜಾಗವಿಲ್ಲ. ಈಗೇನು ಅಂಜಿಕೆ, ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ ಎಂದು ಎಲ್ಲಾ ಅಳಿಸು ಎಂಬುದನ್ನು ಒತ್ತಿದೆ. ಖಾತ್ರಿ ಏನು ಎಂದು ಪಾಪ ಅದೂ ಕೇಳಿತು. ಯಾವತ್ತೂ ಮಾತು ಕೇಳದ ಆ ಗುಂಡಿ ಅವತ್ತು ಒಂದೇ ಒತ್ತಿಗೆ ಕೇಳಿತು. ಚಹಾ ಮುಗಿಸಿ, ಎಂಥದೋ ಸಂಶಯ ಬಂದು ಒಳಗೆ ಹೋಗಿ, "ಬಾಯೋರ, ಅದರಾಗ ಅವ್ವನ ತವರು ಅಂತ ಒಂದು ಹೆಸರು ಐತೇನು ನೋಡ್ರಿ" ಎಂದೆ. ಅವರು ಹುಡುಕಿದರು. ಹೊಲಗಳ ಗೆರೆ ಇದ್ದವು. ಹೆಸರು ಕೊಟ್ಟ ಒಂದು ಜಾಗವೂ ಇರಲಿಲ್ಲ. ಹೆಸರುಗಳೆಲ್ಲ ಇದ್ದದ್ದು ಹೊಟ್ಟೆಯಲ್ಲಿ, ಕಾರ್ಡಿನಲ್ಲಲ್ಲ. ಅವ್ವನ ಜೊತೆ ಹೋಗುವಾಗ ಸೆಲ್ಲು ಉಳಿಯಲಿ ಎಂದು ಗೆರೆ ಬರೆಯುವುದನ್ನೂ ಬಂದ್ ಇಡುತ್ತಿದ್ದೆ. ಸುರೇಖಾಬಾಯಿಯವರು ಒಂದು ತಾಸು ಏನೇನೋ ಹಿಕಮತ್ತು ಮಾಡಿ, ಕಡೆಗೆ ಕನ್ನಡಕ ತೆಗೆದಿಟ್ಟು, "ಹೋತ್ರೀ ಅದು" ಎಂದರು.

ನೇಕಾರನ ಮಗ ಮಾಡಬಾರದ ತಪ್ಪು ಇದು. ಅದೂ ಎರಡನೇ ಸಲ. ಮೊದಲ ಸಲ ಮಾಡಿದಾಗ ನನಗೆ ಒಂಬತ್ತು ವರ್ಷ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆ, ನೇಯ್ದು ಮುಗಿಯಲು ಬಂದಾಗ ಅದನ್ನು ಪೂರ್ತಿ ತೆಗೆಯುವುದಿಲ್ಲ. ಒಂದು ಮೊಳದಷ್ಟು ಹಳೇ ಎಳೆಯನ್ನು ಹಾಗೇ ಬಿಟ್ಟು, ಅದರ ಒಂದೊಂದು ತುದಿಗೆ ಹೊಸ ಹಾಸಿನ ಒಂದೊಂದು ತುದಿಯನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಳೇ ಎಳೆ ಮುಂದೆ ಹೋಗುತ್ತ ಹೊಸ ಎಳೆಯನ್ನು ತನ್ನ ದಾರಿಯಲ್ಲೇ ಕರೆದುಕೊಂಡು ಹೋಗುತ್ತದೆ. ನಾನು ಅಪ್ಪ ಊಟಕ್ಕೆ ಹೋದಾಗ, ಇದೇನು ಹೊಲಸು ತುದಿ ಜೋತುಬಿದ್ದಿದೆ, ಸ್ವಚ್ಛ ಮಾಡಿದರೆ ಶಾಬ್ಬಾಸ್ ಎನ್ನುತ್ತಾನೆ ಎಂದು, ಕತ್ತರಿಯಿಂದ ಕತ್ತರಿಸಿ ಅಷ್ಟೂ ಎಳೆಯನ್ನು ಎಳೆದು ಹಾಕಿದ್ದೆ.

ಅಪ್ಪ ಹೊಡೆಯಲಿಲ್ಲ. ಕೈ ತೊಳೆದ ನೀರು ಬೆರಳಿಂದ ತೊಟ್ಟಿಕ್ಕುತ್ತ ಹಾಗೇ ನಿಂತ. ಆಮೇಲೆ ಮೂರು ದಿನ ಮಗ್ಗದ ಆ ಕಡೆ ನನ್ನನ್ನು ಕೂಡಿಸಿದ. ತಲೆ ಬಾಚುವ ಹಣಿಗೆಯಂಥದೇ ಉದ್ದದ ಒಂದು ಹಣಿಗೆ ಮಗ್ಗದಲ್ಲಿರುತ್ತದೆ. ಅದರ ಒಂದೊಂದು ಸಂದಿಗೂ ಒಂದೊಂದು ಎಳೆ ನಾನು ಕೊಡಬೇಕು, ಈ ಕಡೆಯಿಂದ ಅಪ್ಪ ಎಳೆದುಕೊಳ್ಳಬೇಕು. ಎರಡು ಸಾವಿರದ ಮೇಲೆ ಎಳೆ. ಆಗಾಗ "ಹೂಂ, ಇನ್ನೊಂದು" ಅಷ್ಟೇ. ಮೂರನೇ ದಿನ ಸಂಜೆ ಅವನು ಹೇಳಿದ್ದು ಒಂದೇ ಮಾತು. "ಹೊಸಾದು ಕೆಚ್ಚೂತನಾ ಹಳೇದು ಕೊಯ್ಯಬಾರದು, ತಿಳೀತ?"

ತಿಳಿದಿತ್ತು. ನಲವತ್ತೇಳು ವರ್ಷ ತಿಳಿದಿತ್ತು.

ಜಮಖಂಡಿಯಿಂದ ಬನಹಟ್ಟಿಗೆ ಗಾಡಿ ಹೇಗೆ ಹೊಡೆದೆನೋ ಗೊತ್ತಿಲ್ಲ. ರಬಕವಿ ಯಾವಾಗ ಬಂತು, ಯಾವಾಗ ಹೋಯಿತು ನೆನಪಿಲ್ಲ. ಮನೆಯಲ್ಲಿ ಅಪ್ಪ ಉಳಿದ ಒಂದೇ ಮಗ್ಗದ ಮುಂದೆ ಎಣ್ಣೆ ಡಬ್ಬಿ ಹಿಡಿದು ಕೂತಿದ್ದ. ಎಂಬತ್ತೆರಡು ವಯಸ್ಸು, ನೇಯುವುದಿಲ್ಲ, ಎಣ್ಣೆ ಮಾತ್ರ ದಿನಾ ಬಿಡುತ್ತಾನೆ. ಅವನ ಮುಂದೆ ಎಲ್ಲ ಹೇಳಿದೆ.

"ಅಂದರ ಮತ್ತ ಹಾಸು ಕೊಯ್ದಿ" ಎಂದ ಅಪ್ಪ.

"ಹೂಂ."

"ಪೂರಾ?"

"ಪೂರಾ ಅಪ್ಪಾ. ಏನೂ ಉಳದಿಲ್ಲ."

ಅವನು ಎಣ್ಣೆಯ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಅಂಗಳದ ಕಡೆ ಗದ್ದ ಎತ್ತಿದ. ಅಂಗಳದಲ್ಲಿ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ, ತನಗೆ ತಾನೇ ಏನೋ ಮಾತಾಡಿಕೊಳ್ಳುತ್ತಿದ್ದಳು.

"ಉಳದಿಲ್ಲ ಅಂತ ಯಾಕ ಹೇಳತಿ? ಹಳೇ ತುದಿ ಇನ್ನೂ ಮಗ್ಗದಾಗ ಐತಿ. ಹೋಗಿ ಕೆಚ್ಚು" ಎಂದ.

ಅವ್ವನ ಮುಂದೆ ಹೋಗಿ ಕೂತೆ. ಜೋಳದಲ್ಲಿ ಹರಳು ಆರಿಸತೊಡಗಿದೆ. ಕಡೆಗೆ ಹೇಳಿದೆ. "ಅವ್ವಾ, ನಿನ್ನ ತವರಿನ ಜಾಗಾ ಮಿಶಿನ್ನ್ಯಾಗಿಂದ ಹೋತು. ನಾನ ಕಳದೆ. ನಂದ ತಪ್ಪು." ಅವ್ವ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ಒಂಬತ್ತು ವರ್ಷದವನಾಗಿ ತಲೆ ತಗ್ಗಿಸಿದೆ.

"ಅಯ್ಯ ನನ ಮಗನ, ಇಷ್ಟಕ್ಕ ಅಳತಾರೇನೋ? ಆಯಿತವಾರ ಗಾಡಿ ಮಾಡು. ಕಮಲಾಗ ಫೋನ್ ಹಚ್ಚಿ ಕೊಬ್ಬರಿ ತಗೊಂಡು ಬಾ ಅನ್ನು" ಎಂದು ಮತ್ತೆ ಮೊರ ಎತ್ತಿಕೊಂಡಳು.

ರವಿವಾರ ಮುಂಜಾನೆಯೇ ಹೋದೆವು. ಅದೇ ಬಿರಿದ ನೆಲ, ಅದೇ ದೂರದ ನೀರು. ನಾನು ಖಾಲಿ ಹೊಟ್ಟೆಯ ಮಿಶಿನ್ನನ್ನು ಸುಮ್ಮನೆ ಕೈಯಲ್ಲಿ ಹಿಡಿದಿದ್ದೆ, ಚಟ. ಎಂಟು ವರ್ಷ ಮುಂದೆ ನಡೆದವನು ಆ ದಿನ ಎಲ್ಲರಿಗಿಂತ ಹಿಂದೆ. ಅವ್ವ ಮುಂದೆ. ದಂಡೆಯ ಮೇಲೆ ಒಂದು ಕರಿ ಬಂಡೆ ಇದೆ, ನೀರು ಅದನ್ನೇನೂ ಮಾಡಿಲ್ಲ. ಅವಳು ಅದರ ಬೆನ್ನಿಗೆ ಕೈ ಊರಿ ನಿಂತು, ಸೆರಗು ಸಿಕ್ಕಿಸಿಕೊಂಡು, ಬಾಯಲ್ಲಿ ಎಣಿಸುತ್ತ ಹೊರಟಳು. ನಡುನಡುವೆ ತಿರುಗಿ ಬಂಡೆ ನೋಡುವಳು, ತುಸು ಎಡಕ್ಕೆ ಸರಿಯುವಳು.

"ಏನ ನೋಡತಿಯವ್ವಾ?"

"ಆ ಆಚಿ ದಂಡಿ ಗುಡ್ಡ ನೋಡು, ನಡುವ ಕೊಳ್ಳ ಐತೆಲಾ. ಈ ಬಂಡಿ ಆ ಕೊಳ್ಳದಾಗ ಕುಂತಂಗ ಕಾಣಬೇಕು, ಗುಡ್ಡದ ಉಡ್ಯಾಗ ಕೂಸು ಕುಂತಂಗ. ಬಾಗಲದಾಗ ಕುಂತು ಕಂಡಿಕಿ ಸುತ್ತೂ ಮುಂದ ದಿನಾ ಅದನ್ನ ನೋಡತಿದ್ದೆ. ಬಂಡಿ ಮ್ಯಾಲ ನೂಲ ಒಣಾಹಾಕಿ ಮನಿಗೆ ಓಡಿ ಬರತಿದ್ದೆ. ನೂರಾ ಎಪ್ಪತ್ತ ಹೆಜ್ಜಿ."

"ಆಗಿನ ಹೆಜ್ಜಿ ಈಗ ಹೆಂಗ ಹೊಂದತಾವು?"

"ಆಗೂ ಸಣ್ಣ ಹೆಜ್ಜಿ, ಈಗೂ ಸಣ್ಣ ಹೆಜ್ಜಿ. ಸುಮ್ಮನ ಬಾ."

ನೂರಾ ಎಪ್ಪತ್ತಕ್ಕೆ ಅವಳು ನಿಂತಳು. ಬಲಗಾಲು ಎತ್ತಿ, ಏನನ್ನೋ ದಾಟಿ, ಒಳಗೆ ಇಟ್ಟಳು. ಅತ್ತಿಯೂ ಅದೇ ಜಾಗದಲ್ಲಿ ಕಾಲು ಎತ್ತಿ ದಾಟಿದಳು. ನಾನು ನೋಡುತ್ತ ನಿಂತೆ. ಅಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

"ಅವ್ವಾ, ನಿನಗ ಗೊತ್ತಿತ್ತು?" ಎಂದೆ. "ಎಂಟ ವರ್ಷ ನಾ ಮಿಶಿನ್ ಹಿಡಕೊಂಡು..."

ಅವ್ವ ಅತ್ತಿಯ ಮುಖ ನೋಡಿದಳು, ಅತ್ತಿ ಅವ್ವನ ಮುಖ ನೋಡಿದಳು. ಇಬ್ಬರೂ ಸೆರಗು ಬಾಯಿಗೆ ಹಿಡಿದರು. ಅತ್ತಿಗೆ ತಡೆಯಲಾಗಲಿಲ್ಲ.

"ಹೋದ ವರ್ಷ ನಿನ್ನ ಮಿಶಿನ್ ನಿಮ್ಮವ್ವನ್ನ ಬಚ್ಚಲದಾಗ ನಿಂದರಸಿತ್ತೋ ಬಸು! ಬಚ್ಚಲದಾಗ ಉಡಿ ತುಂಬೀನಿ ನಾ!"

"ಅದರ ಹಿಂದಿನ ವರ್ಷ ದನಾ ಕಟ್ಟೂ ಜಾಗಾದಾಗ" ಎಂದಳು ಅವ್ವ, ಕಣ್ಣು ಒರೆಸಿಕೊಳ್ಳುತ್ತ.

ಇಂಥ ಡಬ್ಬಿ ಹತ್ತು ಹದಿನೈದು ಅಡಿ ಆಚೆ ಈಚೆ ತಪ್ಪುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಕಬ್ಬಿನ ಹೊಲದಲ್ಲಿ ಅದೇನು ದೊಡ್ಡ ಮಾತಲ್ಲ. ಆದರೆ ಸಣ್ಣ ಮನೆಯೊಂದರಲ್ಲಿ ಅಷ್ಟು ಅಂದರೆ ಇಡೀ ಒಂದು ಖೋಲಿ. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

"ಮತ್ತ ಹೇಳಬಾರದೇನವ್ವಾ?"

"ಎದಕ್ಕ ಹೇಳಲಿ? ನೀ ಅಷ್ಟ ಹೌಸಿಲೆ ಕರಕೊಂಡು ಬರತಿದ್ದಿ. ಮತ್ತ ನನಗೂ ಛಲೋ ಅನಸತಿತ್ತು ನೋಡು. ಒಂದ ವರ್ಷ ಒಲಿ ಮುಂದ, ಒಂದ ವರ್ಷ ಹಿತ್ತಲದಾಗ. ನಿನ್ನ ಮಿಶಿನ್ ತಪ್ಪಿ ತಪ್ಪಿ ನಾ ಮನಿ ತುಂಬ ಅಡ್ಡ್ಯಾಡಿದೆ." ಅಷ್ಟು ಹೇಳಿ ನನ್ನ ಕಡೆ ತಿರುಗಿದಳು. "ಆದರ ನಾವಿಬ್ಬರೂ ಇರೂತನಾ ಅಷ್ಟ ಇದು. ಈಗ ನೀ ನೋಡಿಕೊ. ಬಾ."

ಅವಳು ಇಲ್ಲದ ಗೋಡೆಯ ಗುಂಟ ಹೊರಟಳು, ನಾನು ಮಿಶಿನ್ ಚಾಲೂ ಮಾಡಿ ಅವಳ ಹಿಂದೆ ಹೊರಟೆ, ಕಬ್ಬಿನ ಹೊಲ ಸುತ್ತುವ ಹಾಗೆ. ಇದು ಪಡಸಾಲಿ. ಇದು ಅಪ್ಪನ ಮಗ್ಗ, ಸುತ್ತ ಹಾದು ಬಾ, ಕುಣಿ ಐತಿ. ಇಲ್ಲಿ ನಾ ಹುಟ್ಟಿದ್ದು. ಇಲ್ಲಿ ಒಲಿ, ಹೊಗಿ ಹೋಗೂ ಕಿಂಡಿ ಮ್ಯಾಲ. ಇಲ್ಲಿ ನಮ್ಮವ್ವನ ಹೆಣ ಕೂಡ್ರಿಸಿದ್ದು. ಬಾಗಲಾ ನೋಡಿಕೊ, ಎಡಗಡಿ ಕದಾ ನೆಲಕ್ಕ ತಾಗತೈತಿ, ತುಸು ಎತ್ತಿ ಎಳೀಬೇಕು, ಇಲ್ಲಂದ್ರ ಕೂಡೂದಿಲ್ಲ. ಸುತ್ತು ಮುಗಿದಾಗ ಮಂಕಾದ ಪರದೆಯ ಮೇಲೆ ಒಂದೂವರೆ ಗುಂಟೆ ಎಂದು ಬಂತು. ಆ ಸುತ್ತು ಈಗ ಸುರೇಖಾಬಾಯಿಯವರ ಕಂಪ್ಯೂಟರಿನಲ್ಲಿದೆ, ನನ್ನ ಮಗಳ ಮೊಬೈಲಿನಲ್ಲಿದೆ, ಒಲೆ ಎಲ್ಲಿ, ಮಗ್ಗ ಎಲ್ಲಿ ಎಂದು ಅವ್ವನ ಮಾತಿನಲ್ಲೇ ಬರೆದ ಒಂದು ಹಾಳೆ ದೇವರ ಜಗಲಿಯ ಮೇಲಿದೆ. ಹಾಳೆಗೂ ಅವ್ವ ವಿಭೂತಿ ಹಚ್ಚಿದ್ದಾಳೆ.

ಆ ದಿನ ಪಡಸಾಲೆಯ ನಡುವೆ, ಖರೆ ಜಾಗದಲ್ಲಿ, ಅತ್ತಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಗುಳೇದಗುಡ್ಡದ ಖಣ. ಅವ್ವ ಐದು ಕಾಳು ತೆಗೆದು ನೆಲಕ್ಕೆ ಹಾಕಿ, "ತವರ ತಣ್ಣಗಿರಲಿ" ಎಂದಳು. ಬಿಸಿಲು ಏರಿತ್ತು. ನೀರಿನ ಕಡೆಯಿಂದ ಗಾಳಿ ಬಂದು ಸೆರಗು ಹಾರಿಸುತ್ತಿತ್ತು. ಅತ್ತಿ ಮೊದಲು ಹೊಸ್ತಿಲು ದಾಟಿ ಹೋದಳು. ಉಡಿ ಹಿಡಿದುಕೊಂಡು ಅವ್ವ ದಾಟಿದಳು. ನಾನು ಹಿಂದೆ ಬಂದು, ಕಾಲು ಎತ್ತಿ, ದಾಟಿದೆ. ಹತ್ತು ಹೆಜ್ಜೆ ಹೋಗಿರಬೇಕು, ಅವ್ವ ತಿರುಗದೆಯೇ ಹೇಳಿದಳು.

"ಬಸು, ಹಿಂದ ನೀನ ಅದಿ ನೋಡು. ಕದಾ ಮುಂದ ಮಾಡಿ ಬಾ."

ನಾನು ತಿರುಗಿ ಹೋದೆ. ಬಯಲಿನ ನಡುವೆ ನಿಂತು, ಬಲಗಡೆಯ ಕದ ಎಳೆದೆ. ಆಮೇಲೆ ಎಡಗಡೆಯದನ್ನು ತುಸು ಎತ್ತಿ ಎಳೆದೆ.